ಬೀಟೆಯ ಮಂಚವೂ ಕೈಯಲ್ಲಿ ಮಾಡಿಸಿದ ಗಿಟಾರೂ
(ನಮ್ಮ ವಾಚನಾಲಯದ ಭಾನುವಾರದ ಕೂಟದಲ್ಲಿ ಸದಸ್ಯರೊಬ್ಬರು ಮಾಡಿದ ಭಾಷಣದ ಪಾಠ)



ನಾನು ಭಾಷಣಕಾರನಲ್ಲ. ಭಿವಂಡಿ ಕಡೆಯ ಒಂದು ಮಿಲ್ಲಿನಲ್ಲಿ ಗುಮಾಸ್ತ; ಓದಿದ್ದು ಎಸ್. ಎಸ್. ಎಲ್. ಸಿ. ತನಕ. ಈ ವಾಚನಾಲಯದಲ್ಲಿ ವಾರಕ್ಕೆ ಎರಡು ಸಂಜೆ ಪುಸ್ತಕ ಕೊಟ್ಟು ತೆಗೆದುಕೊಳ್ಳುವ ಕೆಲಸ ಮಾಡುತ್ತೇನೆಂಬುದು ತಮಗೆಲ್ಲ ಗೊತ್ತು. ಕಳೆದ ರಾಜ್ಯೋತ್ಸವದಲ್ಲಿ ನಮ್ಮ ಹೆಣ್ಣುಮಕ್ಕಳು ಭಾವಗೀತೆ ಹಾಡುವಾಗ ನಾನು ಗಿಟಾರು ಹಿಡಿದು ಕೂತಿದ್ದೆ. ಅದು ಅಂಗಡಿಯಿಂದ ತಂದದ್ದಲ್ಲ, ಹೇಳಿ ಮಾಡಿಸಿದ್ದು ಎಂದು ಯಾರೋ ಕಾರ್ಯದರ್ಶಿಗಳ ಕಿವಿಗೆ ಹಾಕಿದರು. ಅಂದಿನಿಂದ ಅವರು ನನ್ನನ್ನು ಬಿಟ್ಟಿಲ್ಲ. "ಗುಮಾಸ್ತನಾದವನು ಅಷ್ಟು ದುಡ್ಡು ಕೊಟ್ಟು ವಾದ್ಯ ಯಾಕೆ ಮಾಡಿಸಿದ, ಹೇಗೆ ಮಾಡಿಸಿದ, ಅದನ್ನು ಹೇಳಿ" ಎಂದರು. ಹೇಗೆ ಎಂಬುದನ್ನು ವಿವರವಾಗಿ ಹೇಳುತ್ತೇನೆ. ಯಾಕೆ ಎಂಬುದು ನಡುನಡುವೆ ಬಂದೀತು.

ಮೊದಲು ನನ್ನ ದಡ್ಡತನದಿಂದ ಆರಂಭಿಸುತ್ತೇನೆ. ಹನ್ನೆರಡು ವರ್ಷ ನಾನು ಬಾರಿಸಿದ್ದು ನಾಲ್ಕು ಸಾವಿರದ ಒಂದು ಗಿಟಾರನ್ನು. ಅದರ ಕತ್ತು ಬಾಗಿ, ತಂತಿ ಒತ್ತಿದರೆ ಬೆರಳು ಕೊಯ್ಯುವಂತಾದಾಗ ಒಳ್ಳೆಯದೊಂದು ಬೇಕೆನಿಸಿತು. ಒಂದು ಅಂಗಡಿಯವರು "ಪೂರ್ತಿ ಗಟ್ಟಿ ಬೀಟೆಯದ್ದು, ನಿಮಗಾಗಿಯೇ ಮಾಡಿಸಿ ಕೊಡುತ್ತೇವೆ" ಎಂದು ಹತ್ತು ಸಾವಿರ ಮುಂಗಡ ಹಿಡಿದರು. ಎರಡು ತಿಂಗಳಿಗೆ ವಾದ್ಯ ಬಂತು. ಹೊಳಪು ಕನ್ನಡಿಯಂತಿತ್ತು. ನಮ್ಮ ಚಾಳಿನಲ್ಲಿ ಒಬ್ಬರು ಬಡಗಿ ಇದ್ದಾರೆ. ಅವರು ಒಂದೇ ನೋಟಕ್ಕೆ, "ಇದು ಪ್ಲೈವುಡ್ಡು, ಮೇಲೆ ಬೀಟೆಯ ತೆಳು ಹಾಳೆ ಅಂಟಿಸಿದ್ದಾರೆ" ಎಂದುಬಿಟ್ಟರು. ಮುಂಗಡ ವಾಪಸು ಬರಲಿಲ್ಲ. ಆ ಹತ್ತು ಸಾವಿರದ ಪಾಠವನ್ನು ತಮಗೆ ಪುಕ್ಕಟೆಯಾಗಿ ಕೊಡುತ್ತೇನೆ, ಮಕ್ಕಳಿಗೆ ವಾದ್ಯ ಕೊಳ್ಳುವವರು ನೆನಪಿಟ್ಟುಕೊಳ್ಳಬೇಕು. ಗಿಟಾರಿನ ಮುಂದೆ ದುಂಡು ಬಾಯಿ ಇದೆಯಲ್ಲ, ಅದರ ಅಂಚನ್ನು ದೀಪ ಹಿಡಿದು ನೋಡಿರಿ. ಮೇಲಿನ ಮರದ ಗೆರೆಗಳು ಅಂಚಿನಲ್ಲಿ ಮುರಿಯದೆ ಕೆಳಕ್ಕೆ ಇಳಿದಿದ್ದರೆ ಅದು ಒಂದೇ ಹಲಗೆ. ಅಂಚಿನಲ್ಲಿ ಬಿಸ್ಕತ್ತಿನಂತೆ ಪದರಗಳು ಕಂಡರೆ ಪ್ಲೈವುಡ್ಡು. ಹಿಂಬದಿಯನ್ನು ನೋಡುವುದಾದರೆ, ಹೊರಗೆ ಕಾಣುವ ಗಂಟೋ ಪಟ್ಟೆಯೋ ಬಾಯೊಳಗೆ ಇಣುಕಿದಾಗ ಅದೇ ಜಾಗದಲ್ಲಿ ಕಾಣಬೇಕು. ಪ್ಲೈವುಡ್ಡೆಂದರೆ ಕೆಟ್ಟದ್ದು ಎಂದಲ್ಲ. ಕಲಿಯುವ ಮಗುವಿಗೆ ಅದು ಗಟ್ಟಿಮುಟ್ಟು, ನಮ್ಮ ಮಳೆಗಾಲವನ್ನೂ ತಡೆದುಕೊಳ್ಳುತ್ತದೆ. ಗಟ್ಟಿ ಮರವೆಂದು ಹೇಳಿ ಅದನ್ನು ಮಾರುವುದು ಕೆಟ್ಟದ್ದು.

ಆ ಬಡಗಿಯವರೇ ವಸಯಿ ಕಡೆಯ ಒಬ್ಬ ಮೇಸ್ತ್ರಿಗಳ ವಿಳಾಸ ಕೊಟ್ಟರು. ಅರುವತ್ತು ದಾಟಿದವರು, ವರ್ಷಕ್ಕೆ ಏಳೋ ಎಂಟೋ ಗಿಟಾರು ಮಾಡುತ್ತಾರೆ, ಅಷ್ಟೆ. ನಾನು ಹೋದ ದಿನ ಮರದ ಮಾತನ್ನೇ ಅವರು ಎತ್ತಲಿಲ್ಲ. ಒಂದು ಸ್ಟೂಲು ತೋರಿಸಿ, "ಕೂತು ಬಾರಿಸಿ" ಎಂದರು. ನಾನು ನಾಚಿಕೊಂಡು ಬಾರಿಸಿದೆ. ಆಮೇಲೆ ಪ್ರಶ್ನೆಗಳು: ಬೆರಳಿನಿಂದ ಮೀಟುತ್ತೀರೋ, ಪ್ಲಾಸ್ಟಿಕ್ಕಿನ ಮೀಟುಗೋಲಿನಿಂದಲೋ? ಒಬ್ಬರೇ ಬಾರಿಸುತ್ತೀರೋ, ಹಾಡುವವರ ಜೊತೆಗೋ? ಹಾಡುವವರು ಗಂಡಸರೋ ಹೆಂಗಸರೋ? ಮೈಕು ಇರುತ್ತದೆಯೋ? ಮನೆ ಎಷ್ಟು ದೊಡ್ಡದು, ವಾದ್ಯ ಎಲ್ಲಿಡುತ್ತೀರಿ? ಡಾಕ್ಟರರ ಬಳಿ ಹೋದಂತಾಯಿತು. ನಾನು "ಬೀಟೆಯದ್ದೇ ಆಗಬೇಕು" ಎಂದು ಎರಡು ಸಲ ಹೇಳಿದೆ. ಅವರು ಎರಡು ಸಲವೂ ಕೇಳಿಸದವರಂತೆ ಇದ್ದರು. ಕೊನೆಗೆ, "ನಿಮಗೆ ದೊಡ್ಡ ಹೊಟ್ಟೆಯದು ಬೇಡ" ಎಂದರು.

ದೊಡ್ಡ ಹೊಟ್ಟೆಯದೆಂದರೆ ಡ್ರೆಡ್‌ನಾಟ್ ಎಂಬ ಮಾದರಿ. ಅಮೆರಿಕದ ಮಾರ್ಟಿನ್ ಕಂಪನಿಯವರು 1916ರಲ್ಲಿ ಮೊದಲು ಮಾಡಿದ್ದು. ಆ ಕಾಲದ ಬ್ರಿಟಿಷರ ದೊಡ್ಡ ಯುದ್ಧನೌಕೆಯ ಹೆಸರನ್ನೇ ಇಟ್ಟರು. ಇಂದು ಅಂಗಡಿಯಲ್ಲಿ ತೂಗುಹಾಕಿರುವುದರಲ್ಲಿ ಹೆಚ್ಚಿನವು ಅದರ ಮರಿಗಳೇ. ಅದರ ಮಂದ್ರ ಗಡುಸು, ಸದ್ದು ಜೋರು. ಮೆಲುದನಿಯ ಹಾಡುಗಾರ್ತಿಯ ಪಕ್ಕದಲ್ಲಿ ಅದನ್ನು ಬಾರಿಸಿದರೆ ಹಾಡು ಮುಳುಗುತ್ತದೆ. ನನಗೆ ಹೊಟ್ಟೆಯ ಅಗಲ ಹದಿನೈದಂಗುಲದ, ಸೊಂಟ ಸಣ್ಣಗಿರುವ ಆಕಾರ ಸಾಕೆಂದು ತೀರ್ಮಾನವಾಯಿತು.

ಇನ್ನು ಮರದ ವಿಷಯ. ನಮ್ಮಲ್ಲಿ ತಂಬೂರಿ, ಸಿತಾರು ಬಲ್ಲವರು ತಬಲಿ ಎಂಬ ಮಾತು ಕೇಳಿದ್ದೀರಿ. ಬುರುಡೆಯ ಬಾಯಿ ಮುಚ್ಚುವ ತೆಳು ಹಲಗೆ ಅದು. ಗಿಟಾರಿನಲ್ಲೂ ಜೀವ ಇರುವುದು ಅದರ ತಬಲಿಯಲ್ಲಿ, ಎಂದರೆ ಮುಂದಿನ ಹಲಗೆಯಲ್ಲಿ. ತಂತಿ ಒಂದೇ ತಾನಾಗಿ ಸದ್ದು ಮಾಡಲಾರದು. ಅಷ್ಟು ಸಣ್ಣ ಎಳೆ ಎಷ್ಟು ಗಾಳಿಯನ್ನು ಅಲುಗಿಸೀತು? ತಂತಿ ಕುದುರೆಯನ್ನು ಕುಣಿಸುತ್ತದೆ, ಕುದುರೆ ಹಲಗೆಯನ್ನು ಕುಣಿಸುತ್ತದೆ, ಹಲಗೆ ಗಾಳಿಯನ್ನು ಕುಣಿಸುತ್ತದೆ. ಆರು ಉಕ್ಕಿನ ತಂತಿಗಳನ್ನು ಶ್ರುತಿಗೆ ಬಿಗಿದಾಗ ಒಟ್ಟು ಎಳೆತ ಸುಮಾರು 70 ಕಿಲೋ. ಒಬ್ಬ ಆಳು ಸದಾ ಜೋತುಬಿದ್ದಂತೆ. ಆ ಭಾರವನ್ನು ಮೂರು ಮಿಲಿಮೀಟರಿಗಿಂತ ದಪ್ಪವಿಲ್ಲದ ಹಲಗೆ ಹೊರಬೇಕು. ಹೊರುತ್ತಲೇ ಬೆರಳಿನ ಮೆಲು ಮೀಟಿಗೂ ಅದುರಬೇಕು. ದಪ್ಪ ಮಾಡಿದರೆ ಮೂಕ, ತೆಳು ಮಾಡಿದರೆ ಒಂದು ವರ್ಷದಲ್ಲಿ ಉಬ್ಬಿ ಬಿರಿಯುತ್ತದೆ. ಮೇಸ್ತ್ರಿಯ ವಿದ್ಯೆಯೆಲ್ಲ ಈ ಎರಡರ ನಡುವಿನ ಕೂದಲೆಳೆಯಲ್ಲಿದೆ.

ಆದ್ದರಿಂದ ತಬಲಿಗೆ ಹಗುರವೂ ಬಿಗುವೂ ಒಟ್ಟಿಗೆ ಇರುವ ಮರ ಬೇಕು. ಅಂಥದ್ದು ಸ್ಪ್ರೂಸ್, ಶೀತದೇಶದ ಸೂಜಿಯೆಲೆಯ ಮರ. ಘನ ಮೀಟರಿಗೆ 400-450 ಕಿಲೋ ಮಾತ್ರ ತೂಗುತ್ತದೆ, ನಮ್ಮ ಬೀಟೆಯ ಅರ್ಧ. ಆದರೆ ಎಳೆಯ ಉದ್ದಕ್ಕೆ ಅದರ ಬಿಗಿ ಬಹಳ. ನಮ್ಮವರಿಗೆ ಅರ್ಥವಾಗುವಂತೆ ಹೇಳಬೇಕೆಂದರೆ, ಅದರಲ್ಲಿ ಹಾಸು ಗಟ್ಟಿ, ಹೊಕ್ಕು ಸಡಿಲ. ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರು ಓಡಿದರೆ ಸ್ಪ್ರೂಸಿನ ಎಳೆಯುದ್ದಕ್ಕೆ 5,000 ಮೀಟರಿಗೂ ಮಿಕ್ಕಿ ಓಡುತ್ತದೆ. ಅಲಾಸ್ಕ, ಕೆನಡಾ ಕಡಲತಡಿಯ ಸಿಟ್ಕಾ ಸ್ಪ್ರೂಸ್ ಒಂದು ಬಗೆ, ಆಲ್ಪ್ಸ್ ಬೆಟ್ಟಗಳ ಬಿಳಿಯ ಸ್ಪ್ರೂಸ್ ಇನ್ನೊಂದು. ಇವಲ್ಲದೆ ಅಮೆರಿಕದ ಪಶ್ಚಿಮ ಕರಾವಳಿಯ ಕೆಂಪು ಸೀಡರ್ ಇದೆ. ಮ್ಯಾಡ್ರಿಡ್ಡಿನ ಮೂರನೆಯ ಹೋಸೆ ರಾಮಿರೆಸ್ 1960ರ ದಶಕದಲ್ಲಿ ಅದನ್ನು ಗಿಟಾರಿಗೆ ತಂದು ಹೆಸರು ಮಾಡಿದರು. ಹೆಸರು ಸೀಡರ್ ಎಂದಿದ್ದರೂ ನಮ್ಮ ಹಿಮಾಲಯದ ದೇವದಾರುವಿಗೂ ಇದಕ್ಕೂ ನೆಂಟಸ್ತಿಕೆ ದೂರದ್ದು.

ಮೇಸ್ತ್ರಿಗಳು ಮೂರು ಹಲಗೆ ತಂದು ನನ್ನ ಮುಂದಿಟ್ಟರು. ಒಂದೊಂದನ್ನೂ ಮೇಲ್ಗಡೆ ಎರಡು ಬೆರಳಿನಲ್ಲಿ ಹಗುರವಾಗಿ ಹಿಡಿದು ಇನ್ನೊಂದು ಕೈಯ ಗಿಣ್ಣಿನಿಂದ ತಟ್ಟಿಸಿದರು. ಸಿಟ್ಕಾ ಹಿತ್ತಾಳೆ ತಪ್ಪಲೆಯಂತೆ ಕಣಿಲ್ ಎಂದಿತು. ಆಲ್ಪ್ಸಿನದೂ ಹಾಗೆಯೇ, ಸ್ವಲ್ಪ ಮೆದು. ಕೆಂಪು ಸೀಡರ್ ಮಣ್ಣಿನ ಬಿಂದಿಗೆಯಂತೆ ಗುಂಯ್‌ಗುಟ್ಟಿತು. ಅವರು ಹೇಳಿದ್ದು ಇಷ್ಟು: ಸ್ಪ್ರೂಸ್ ಜೋರು ಹೊಡೆತವನ್ನು ತಾಳುತ್ತದೆ, ಹೊಡೆದಷ್ಟೂ ಕೊಡುತ್ತದೆ, ಬಾರಿಸುತ್ತ ಹೋದಂತೆ ಕೆಲವು ವರ್ಷಕ್ಕೆ ಬಾಯಿ ಬಿಚ್ಚುತ್ತದೆ. ಸೀಡರ್ ಮೊದಲ ದಿನವೇ ಮಾತಾಡುತ್ತದೆ, ಮೆಲು ಬೆರಳಿಗೆ ಒಲಿಯುತ್ತದೆ. ಆದರೆ ಮೀಟುಗೋಲಿನಿಂದ ಬಡಿದರೆ ಒಂದು ಹಂತದ ಮೇಲೆ ಸದ್ದು ಕಲಸಿಹೋಗುತ್ತದೆ, ಮರವೂ ಮೆದು, ಉಗುರು ತಾಗಿದರೆ ಗಾಯ. ನಾನು ಹೆಸರು ಕೇಳಿ ಸ್ಪ್ರೂಸೆಂದೇ ನಿಶ್ಚಯ ಮಾಡಿಕೊಂಡು ಹೋಗಿದ್ದವನು, ಕಿವಿಯ ಮಾತು ಕೇಳಿ ಸೀಡರಿಗೆ ಒಪ್ಪಿದೆ. ಹಲಗೆಗಳ ಮೇಲೆ ಎ, ಎಎ, ಎಎಎ ಎಂದು ದರ್ಜೆ ಬರೆದಿತ್ತು. ಅದು ಬಹುಪಾಲು ಗೆರೆಗಳ ಅಂದಚೆಂದಕ್ಕೆ ಕೊಡುವ ಅಂಕ, ಎಲ್ಲ ವ್ಯಾಪಾರಿಗಳಿಗೂ ಒಂದೇ ಅಳತೆಗೋಲೂ ಇಲ್ಲ. ಮೇಸ್ತ್ರಿಗಳು ನನಗಾಗಿ ಎರಡನೆಯ ದರ್ಜೆಯ ಹಲಗೆಯನ್ನೇ ಆರಿಸಿದರು. ಅದರ ನಡುವೆ ಬಣ್ಣದ ಒಂದು ಪಟ್ಟೆ ಇತ್ತು. ಸದ್ದಿಗೆ ಏನೂ ಊನವಿರಲಿಲ್ಲ. ಎರಡು ಸಾವಿರ ಉಳಿಯಿತು.

ಹಲಗೆಯನ್ನು ಕೊಯ್ಯುವ ಕ್ರಮವೂ ಮುಖ್ಯ. ದಿಮ್ಮಿಯನ್ನು ನಡುತಿರುಳಿನಿಂದ ತೊಗಟೆಯ ಕಡೆಗೆ, ದೊಣ್ಣೆಮೆಣಸಿನಕಾಯಿಯನ್ನು ಉದ್ದಕ್ಕೆ ಸೀಳುವ ಹಾಗೆ ಕೊಯ್ದರೆ ವರ್ಷವರ್ಷದ ಉಂಗುರಗಳು ಹಲಗೆಯಲ್ಲಿ ನೆಟ್ಟಗೆ ನಿಲ್ಲುತ್ತವೆ. ಅಂಥ ಹಲಗೆ ಹವೆಗೆ ಕಡಿಮೆ ಹಿಗ್ಗುತ್ತದೆ, ಕಡಿಮೆ ಸೊಟ್ಟಗಾಗುತ್ತದೆ. ಬಳಿಕ ಅದನ್ನು ಹೊತ್ತಗೆ ತೆರೆದಂತೆ ಎರಡು ಹೋಳಾಗಿ ಬಿಡಿಸಿ ನಡುವೆ ಅಂಟಿಸುತ್ತಾರೆ. ಎಡ ಬಲ ಒಂದರ ಪ್ರತಿಬಿಂಬ ಇನ್ನೊಂದು.

ಈಗ ಬೀಟೆಗೆ ಬರುತ್ತೇನೆ. ನಾನು ತೀರ್ಥಹಳ್ಳಿ ಕಡೆಯವನು. ಬೀಟೆಯೆಂದರೆ ನಮ್ಮಲ್ಲಿ ಮನೆಯ ಮಾತು. ಬಾಗಿಲು, ಮಂಚ, ಪೆಟ್ಟಿಗೆ ಎಲ್ಲವೂ ಅದರದೇ. ಇಲ್ಲಿ ಮಹಾರಾಷ್ಟ್ರದವರು ಶಿಸವ ಎನ್ನುವುದು ಅದನ್ನೇ. ಮೈಸೂರಿನ ಕುಸುರಿ ಕೆಲಸದ ಪೆಟ್ಟಿಗೆ, ಪಟಗಳಿಗೂ ಅದೇ ಮರ. ಆ ಮರ ಸಮುದ್ರ ದಾಟಿದ ಕತೆ ನನಗೆ ಈ ವಯಸ್ಸಿನ ತನಕ ತಿಳಿದಿರಲಿಲ್ಲ. ಗಿಟಾರಿನ ಬೆನ್ನಿಗೆ, ಪಕ್ಕಗಳಿಗೆ ಹಿಂದೆ ದೊಡ್ಡವರೆಲ್ಲ ಬಳಸುತ್ತಿದ್ದುದು ಬ್ರೆಜಿಲ್ ದೇಶದ ರೋಸ್‌ವುಡ್ಡನ್ನು. ಕಡಿದು ಕಡಿದು ಅದು ತೀರುತ್ತ ಬಂತು, ಅಗಲದ ಹಲಗೆ ಸಿಗದಾಯಿತು. ಮಾರ್ಟಿನ್ ಕಂಪನಿಯವರು 1965ರಲ್ಲಿ ಕಿರಿದಾದ ಮೂರು ತುಂಡು ಸೇರಿಸಿ ಬೆನ್ನು ಮಾಡುವ ಡಿ-35 ಎಂಬ ಮಾದರಿ ತಂದರು. ಈ ಮೂರು ತುಂಡಿನ ಮಾತನ್ನು ದಯವಿಟ್ಟು ನೆನಪಿಡಿ, ಮುಂದೆ ಬೇಕಾಗುತ್ತದೆ. 1960ರ ದಶಕದ ಕೊನೆಗೆ ಬ್ರೆಜಿಲ್ ಸರಕಾರ ದಿಮ್ಮಿಗಳ ರಫ್ತನ್ನು ತಡೆಯಿತು. ಆಗ, 1969ರಲ್ಲಿ, ಮಾರ್ಟಿನ್‌ನವರು ಭಾರತದ ಬೀಟೆಗೆ ತಿರುಗಿದರು. ಉಳಿದ ಕಂಪನಿಗಳೂ ಅದೇ ದಾರಿ ಹಿಡಿದವು. ಇಂದು ಅವರ ಪಟ್ಟಿಗಳಲ್ಲಿ ಈಸ್ಟ್ ಇಂಡಿಯನ್ ರೋಸ್‌ವುಡ್ ಎಂದು ಬರೆದಿರುವುದು ಪಶ್ಚಿಮ ಘಟ್ಟದ ನಮ್ಮ ಬೀಟೆಯೇ.

ಬ್ರೆಜಿಲ್ಲಿನ ಮರವನ್ನು 1992ರಲ್ಲಿ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಅತಿ ಬಿಗಿಯಾದ ಪಟ್ಟಿಗೆ ಸೇರಿಸಿದರು. 2017ರ ಜನವರಿಯಲ್ಲಿ ಬೀಟೆಯ ಇಡೀ ಕುಲವನ್ನೇ ಎರಡನೆಯ ಪಟ್ಟಿಗೆ ಹಾಕಿದಾಗ ಗಿಟಾರು ಹಿಡಿದು ಗಡಿ ದಾಟುವ ವಾದಕರಿಗೂ ಕಾಗದಪತ್ರದ ತಲೆನೋವಾಯಿತು. 2019ರ ನವೆಂಬರಿನಲ್ಲಿ ಸಿದ್ಧವಾದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ನಮ್ಮ ಕಡೆ ಬೀಟೆ ಕಡಿಯುವುದಿರಲಿ, ದಿಮ್ಮಿ ಸಾಗಿಸುವುದಕ್ಕೂ ಅರಣ್ಯ ಇಲಾಖೆಯ ಪರವಾನಗಿ ಬೇಕು. ಬೇಕಾದದ್ದೇ. ನಿಧಾನವಾಗಿ ಬೆಳೆಯುವ ಮರ ಅದು. ನನ್ನಜ್ಜನ ಕಾಲದಲ್ಲಿ ಎರಡು ಜನ ತಬ್ಬಿದರೂ ಕೈ ಕೂಡದ ಬೀಟೆಗಳಿದ್ದವಂತೆ. ನಾನು ಅಂಥ ಒಂದನ್ನೂ ಕಂಡಿಲ್ಲ.

ಇಷ್ಟು ಹೆಸರಿನ ಮರ, ಸದ್ದಿಗೆ ಅದರಿಂದ ಏನು ಲಾಭ ಎಂದು ಕೇಳಿದೆ. ಮೇಸ್ತ್ರಿಗಳು ನಕ್ಕು ಎರಡು ಸಂಗತಿ ಹೇಳಿದರು. ಆಮೇಲೆ ನಾನೂ ಓದಿ ತಿಳಿದುಕೊಂಡೆ. ಇಂದಿನ ಗಿಟಾರಿಗೆ ರೂಪ ಕೊಟ್ಟವರು ಸ್ಪೇನಿನ ಆಂಟೋನಿಯೋ ಡಿ ಟೋರೆಸ್, ಬದುಕಿದ್ದು 1817ರಿಂದ 1892ರವರೆಗೆ. ಅವರು 1862ರಲ್ಲಿ ಒಂದು ಗಿಟಾರಿನ ಬೆನ್ನನ್ನೂ ಪಕ್ಕಗಳನ್ನೂ ರಟ್ಟಿನಿಂದ ಮಾಡಿದರು! ತಬಲಿ ಮಾತ್ರ ಒಳ್ಳೆಯ ಸ್ಪ್ರೂಸಿನದು. ಸದ್ದು ಹುಟ್ಟುವುದು ತಬಲಿಯಲ್ಲಿ ಎಂದು ತೋರಿಸಲು ಮಾಡಿದ್ದು. ಬಾರ್ಸಿಲೋನಾದ ಸಂಗೀತ ಸಂಗ್ರಹಾಲಯದಲ್ಲಿ ಅದು ಈಗಲೂ ಇದೆ. ಅಮೆರಿಕದ ಬಾಬ್ ಟೇಲರ್ 1995ರಲ್ಲಿ ಸರಕು ಹೊರುವ ಪ್ಯಾಲೆಟ್ಟಿನ ಹಲಗೆಯಿಂದಲೇ ಗಿಟಾರು ಮಾಡಿ ಪ್ರದರ್ಶನಕ್ಕಿಟ್ಟು ಜನರನ್ನು ಬೆರಗುಗೊಳಿಸಿದರು. ನಮ್ಮ ಗೋದಾಮಿನಲ್ಲಿ ಮೂಲೆಗೆ ಎಸೆದಿರುತ್ತಾರಲ್ಲ, ಅಂಥದ್ದೇ ಪ್ಯಾಲೆಟ್ಟು.

ಇನ್ನೂ ಹತ್ತಿರದ್ದು 2018ರಲ್ಲಿ ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದವರು ಪ್ರಕಟಿಸಿದ ಪರೀಕ್ಷೆ. ಒಬ್ಬನೇ ಮೇಸ್ತ್ರಿಯಿಂದ ಆರು ಗಿಟಾರು ಮಾಡಿಸಿದರು. ತಬಲಿ, ಅಳತೆ ಎಲ್ಲ ಒಂದೇ, ಬೆನ್ನು ಪಕ್ಕದ ಮರ ಮಾತ್ರ ಬೇರೆಬೇರೆ: ಬ್ರೆಜಿಲ್ಲಿನ ರೋಸ್‌ವುಡ್, ನಮ್ಮ ಬೀಟೆ, ಮಹಾಗನಿ, ಮೇಪಲ್, ಸಪೇಲೆ, ವಾಲ್‌ನಟ್. ಐವತ್ತೆರಡು ವಾದಕರನ್ನು ಮಂದ ಬೆಳಕಿನಲ್ಲಿ ಕೂರಿಸಿ, ವೆಲ್ಡಿಂಗಿನವರ ಕನ್ನಡಕ ಹಾಕಿಸಿ, ಬಾರಿಸಿ ಅಂಕ ಕೊಡಿ ಎಂದರು. ಆರಕ್ಕೂ ಹೆಚ್ಚು ಕಡಿಮೆ ಒಂದೇ ಅಂಕ ಬಂತು. ದುಬಾರಿ ಮರ ಯಾವುದು, ಅಗ್ಗದ್ದು ಯಾವುದು ಎಂದು ಕಿವಿಗೆ ಗುರುತು ಸಿಗಲಿಲ್ಲ. ಇದನ್ನು ಒಪ್ಪದ ವಾದಕರು ಬೇಕಾದಷ್ಟು ಜನ ಇದ್ದಾರೆ, ಬೀಟೆಯ ಮಂದ್ರ ಆಳ, ಮಹಾಗನಿಯದು ಒಣಗಿದ ಸ್ವರ ಎಂದು ಗಂಟೆಗಟ್ಟಲೆ ವಾದಿಸುತ್ತಾರೆ. ಬೆನ್ನಿನಿಂದ ವ್ಯತ್ಯಾಸವೇ ಇಲ್ಲವೆಂದು ನಾನೂ ಹೇಳುವುದಿಲ್ಲ. ಆದರೆ ಕೈಯಲ್ಲಿ ಹಣ ಎಣಿಸಿಕೊಂಡು ಹೋಗುವ ನಮ್ಮಂಥವರು ಅದನ್ನು ತಬಲಿಗೂ ಮೇಸ್ತ್ರಿಯ ದಿನಗೂಲಿಗೂ ಕೊಡಬೇಕು, ಬೆನ್ನಿನ ಮರದ ಹೆಸರಿಗಲ್ಲ. ಈ ಭಾಷಣದಲ್ಲಿ ನಾನು ಒತ್ತಿ ಹೇಳಬೇಕೆಂದಿದ್ದ ಮಾತು ಇದೊಂದೇ.

"ಹೊಸ ಬೀಟೆ ತರಿಸಿದರೆ ಇಷ್ಟಾಗುತ್ತದೆ, ಮಹಾಗನಿಗೆ ಇದರ ಅರ್ಧ. ಊರಲ್ಲಿ ಹಳೆಯ ಬೀಟೆ ಸಾಮಾನೇನಾದರೂ ಇದೆಯೇ?" ಎಂದು ಮೇಸ್ತ್ರಿಗಳು ಕೇಳಿದ್ದು ಆಗ. ನನ್ನ ಎದೆ ಒಂದು ಸಲ ಹೊಡೆದುಕೊಂಡಿತು. ಇತ್ತು.

ನಮ್ಮಮ್ಮ ಮಲಗುತ್ತಿದ್ದ ಮಂಚ. ಅಜ್ಜ ಮಾಡಿಸಿದ್ದು. ನಾನು ಹುಟ್ಟಿದ ಮೇಲೆ ಮೊದಲು ಮಲಗಿದ್ದೂ ಅದರ ಮೇಲೆಯೇ. ಅಮ್ಮ ಹೋದ ಮೇಲೆ ಪಾಲಾಯಿತು. ಮನೆ, ಅಡಿಕೆ ತೋಟ ಅಣ್ಣನಿಗೆ, ನನಗೆ ಸ್ವಲ್ಪ ಹಣ ಮತ್ತು ಆ ಮಂಚ. ಡೊಂಬಿವಿಲಿಯ ಒಂದು ಕೋಣೆಯ ಮನೆಗೆ ಆರಡಿ ಮಂಚ ತರುವುದೆಲ್ಲಿ? ನಾಲ್ಕು ವರ್ಷ ಅದು ಅಣ್ಣನ ಅಟ್ಟದಲ್ಲಿ ಬಿಚ್ಚಿ ಬಿದ್ದಿತ್ತು. ನಾನು ಫೋನು ಮಾಡಿ, "ಮಂಚ ಕಳಿಸಿಕೊಡು ಅಣ್ಣ" ಎಂದೆ. ಅವನಿಗೆ ಸಂತೋಷವಾಯಿತು. "ಅಂತೂ ಅಮ್ಮನ ಮಂಚ ನಿನ್ನ ಮನೆ ಸೇರ್ತು ಬಿಡು" ಎಂದ. ಕೊಯ್ಯಿಸುತ್ತೇನೆ ಎಂದು ನಾನು ಹೇಳಲಿಲ್ಲ. ಆಮೇಲೆ ಹೇಳಿದರಾಯಿತು ಎಂದುಕೊಂಡೆ. ಸುಳ್ಳು ಆಡಲಿಲ್ಲ, ನಿಜವನ್ನೂ ಆಡಲಿಲ್ಲ.

ಬಸ್ಸಿನ ಲಗ್ಗೇಜಿನಲ್ಲಿ ಬಂದದ್ದನ್ನು ಟೆಂಪೋ ಮಾಡಿ ವಸಯಿಗೆ ಒಯ್ದೆ. ಮೇಸ್ತ್ರಿಗಳು ಒಂದೊಂದು ಹಲಗೆಯನ್ನೂ ತೋಪಡದಿಂದ ಸ್ವಲ್ಪ ಹೆರೆದು ನೋಡಿದರು. ಮೇಲಿನ ಕಪ್ಪು ಜಿಡ್ಡು ಹೋದೊಡನೆ ಒಳಗಿಂದ ಕೆನ್ನೀಲಿ ಕಂದು ಪಟ್ಟೆಗಳು ಎದ್ದವು, ಗುಲಾಬಿಯಂಥ ಪರಿಮಳವೂ ಬಂತು. ಅಷ್ಟು ವರ್ಷ ಆ ಮರ ಅದನ್ನು ಬಚ್ಚಿಟ್ಟುಕೊಂಡಿತ್ತು. ಆದರೆ ಲೆಕ್ಕಕ್ಕೆ ಕೂತಾಗ ಸಿಕ್ಕಿದ್ದು ಕಡಿಮೆ. ಉದ್ದದ ಎರಡು ಪಟ್ಟಿಗಳಲ್ಲಿ ಒಂದರ ಬಿಳಿಯ ಹೊರಮರಕ್ಕೆ ಹುಳು ಹೊಡೆದಿತ್ತು. ಇನ್ನೊಂದರಲ್ಲಿ ಅಡಿಹಲಗೆ ಜಡಿದ ಮೊಳೆಗಳು ಸಾಲಾಗಿ ಇದ್ದವು. ಅವನ್ನು ತಪ್ಪಿಸಿ ಕೊಯ್ದರೆ ಪಕ್ಕಗಳಿಗೆ ನಾಲ್ಕು ಹೋಳು ಮಾತ್ರ. ತಲೆಯ ಕಡೆಯ ಹಲಗೆಗಳು ಐದೂವರೆ ಅಂಗುಲ ಅಗಲ. ಎರಡು ಜೋಡಿಸಿದರೆ ಹದಿನೈದು ಅಂಗುಲದ ಬೆನ್ನಿಗೆ ಸಾಲದು. ಆಗ ಬಂತು ನೋಡಿ, ಮೂರು ತುಂಡಿನ ಬೆನ್ನು. ಬ್ರೆಜಿಲ್ಲಿನ ಮರ ಕಿರಿದಾದಾಗ ಅಮೆರಿಕದವರು ಹೂಡಿದ ಉಪಾಯ ನಮ್ಮಮ್ಮನ ಮಂಚಕ್ಕೂ ಆಗಿಬಂತು.

ಕೊಯ್ದ ಹೋಳುಗಳನ್ನು ನಡುವೆ ಕಡ್ಡಿ ಇಟ್ಟು ಅಟ್ಟಿಹಾಕಿ ಎಂಟು ತಿಂಗಳು ಸುಮ್ಮನೆ ಇಟ್ಟರು. ನೂರು ವರ್ಷ ಹತ್ತಿರದ ಮರಕ್ಕೆ ಇನ್ನೇನು ಒಣಗಿಸುವುದು ಎಂದು ನಾನು ಚಡಪಡಿಸಿದೆ. ದಪ್ಪ ಹಲಗೆಯನ್ನು ಸೀಳಿದಾಗ ಒಳಗಿನ ಬಿಗಿತ ಬಿಡುಗಡೆಯಾಗಿ ಹೋಳು ಕೆಲವು ದಿನ ಬಳುಕುತ್ತದೆ, ಸೊಟ್ಟಗಾಗುವುದೆಲ್ಲ ಈಗಲೇ ಆಗಿಹೋಗಲಿ ಎಂದರು. ಅವರ ಕೆಲಸದ ಕೋಣೆಯಲ್ಲಿ ಹವೆಯ ತೇವ ಅಳೆಯುವ ಉಪಕರಣ ಇತ್ತು. ಅದನ್ನು ಕಂಡು ನನಗೆ ನಗು ಬಂತು. ನಮ್ಮ ಮಿಲ್ಲಿನಲ್ಲಿ ದಿನಕ್ಕೆ ಮೂರು ಸಲ ತೇವದ ಅಂಕಿ ರಿಜಿಸ್ಟರಿಗೆ ಇಳಿಸುವವನು ನಾನೇ! ಸಾಂಚಾ ಖಾತೆಯಲ್ಲಿ ನೂಲು ಹರಿಯಬಾರದೆಂದು ಶೇಕಡಾ 75ರಿಂದ 80ರ ತೇವ ಇಡುತ್ತೇವೆ. ಗಿಟಾರಿನವರಿಗೆ ಬೇಕಾದದ್ದು 45ರಿಂದ 50. ನಮ್ಮ ಸಾಂಚಾ ಖಾತೆಯಲ್ಲಿ ಒಂದು ಗಿಟಾರನ್ನು ಇಟ್ಟರೆ ಅದು ತಬಲಿ ಉಬ್ಬಿಸಿಕೊಂಡು ಕೂತೀತು. ಮರ ತೇವ ಕುಡಿದರೆ ಎಳೆಗೆ ಅಡ್ಡಲಾಗಿ ಹಿಗ್ಗುತ್ತದೆ, ಒಣಗಿದರೆ ಕುಗ್ಗುತ್ತದೆ. ತೇವದ ಕಾಲದಲ್ಲಿ ಅಂಟಿಸಿದ ವಾದ್ಯ ಒಣ ಹವೆಯಲ್ಲಿ ಸೀಳುತ್ತದೆ. ಆದ್ದರಿಂದ ಮುಂಬಯಿಯ ಮಳೆಗಾಲದಲ್ಲಿ ತೆರೆದ ಕೊಟ್ಟಿಗೆಯಲ್ಲಿ ಅಂಟಿಸುವ ಮೇಸ್ತ್ರಿಯಾದರೆ, ಎಷ್ಟೇ ಹೆಸರುವಾಸಿಯಾಗಿರಲಿ, ಮುಂಗಡ ಕೊಡಬೇಡಿ.

ಒಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ ಫೋನು ಬಂತು. ಪಕ್ಕದ ಹೋಳನ್ನು ಒದ್ದೆ ಮಾಡಿ ಕಾದ ಕೊಳವೆಯ ಮೇಲೆ ಬಗ್ಗಿಸುವಾಗ ಸೊಂಟದ ತಿರುವಿನಲ್ಲಿ ಸೀಳಿಹೋಯಿತಂತೆ. "ನಾಲ್ಕರಲ್ಲಿ ಒಂದು ಹೋಯಿತು. ಇನ್ನೆರಡು ಹೋದರೆ ಬೇರೆ ಮರ ಹಾಕಬೇಕಾಗುತ್ತದೆ, ಮುಂದುವರಿಸಲೇ?" ಎಂದರು. ನನಗೆ ಅನ್ನ ಇಳಿಯಲಿಲ್ಲ. ಸದ್ದಿಗೆ ಯಾವ ಮರವಾದರೂ ಒಂದೇ ಎಂದು ಎಲ್ಲರಿಗೂ ಸಾರಿಕೊಂಡು ಬಂದವನು ನಾನು. ಆದರೂ ಆ ಕ್ಷಣ ಸದ್ದಿನ ಯೋಚನೆ ಒಂದಿಷ್ಟೂ ಬರಲಿಲ್ಲ. ಅಮ್ಮನ ಮಂಚವನ್ನು ಸುಮ್ಮನೆ ಕೊಯ್ದು ಸೌದೆ ಮಾಡಿದೆನಲ್ಲ ಎಂದಷ್ಟೇ ಅನಿಸಿತು. ಮುಂದುವರಿಸಿ ಎಂದೆ. ಅವರು ಹೋಳನ್ನು ಇನ್ನೂ ಕೂದಲೆಳೆಯಷ್ಟು ತೆಳು ಮಾಡಿ, ಎರಡು ಮಿಲಿಮೀಟರಿಗೆ ಇಳಿಸಿ, ಒದ್ದೆ ಬಟ್ಟೆಯ ಹಬೆಯಲ್ಲಿ ಒಂದು ಪಕ್ಕಕ್ಕೆ ಇಡೀ ದಿನ ತೆಗೆದುಕೊಂಡು ಬಗ್ಗಿಸಿದರು. ಎರಡೂ ಬಗ್ಗಿದವು. ಒಂದು ಹೋಳು ಉಳಿಯಿತು.

ಲೆಕ್ಕವನ್ನೂ ಒಪ್ಪಿಸಿಬಿಡುತ್ತೇನೆ. ಒಟ್ಟು ತಗುಲಿದ್ದು 88,000 ರೂಪಾಯಿ, ಹಿಡಿದದ್ದು ಹದಿನಾಲ್ಕು ತಿಂಗಳು. ಚೀಟಿ ಎತ್ತಿದ ಹಣ. ಮೂರು ಕಂತಿನಲ್ಲಿ ಕೊಟ್ಟೆ: ಮೊದಲಿಗೆ, ಡೊಳ್ಳು ಮುಚ್ಚಿದಾಗ, ಕೈಗೆ ಬಂದಾಗ. ಮರದ ಅಳತೆ, ತಬಲಿ ಯಾವುದು, ಸೀಳಿದರೆ ಯಾರ ಹೊಣೆ, ಎಲ್ಲವನ್ನೂ ಕಾಗದದ ಮೇಲೆ ಬರೆಸಿಕೊಂಡಿದ್ದೆ. ಗುಮಾಸ್ತನಾಗಿ ನಾನು ಕಲಿತ ವಿದ್ಯೆ ಅದೊಂದಾದರೂ ಕೆಲಸಕ್ಕೆ ಬಂತು. ಅದೇ ಚೀಟಿಯಲ್ಲಿ ಬಟ್ಟೆ ಒಗೆಯುವ ಯಂತ್ರ ತರುವುದೆಂದು ಮನೆಯಲ್ಲಿ ಮಾತಾಗಿತ್ತು. ನನ್ನ ಮನೆಯವರು ಈ ಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಕೂತಿದ್ದಾರೆ. ಆ ಬಾಕಿ ಇನ್ನೂ ಇದೆ, ನಾನು ಮರೆತಿಲ್ಲ ಎಂದು ಎಲ್ಲರ ಎದುರಿಗೆ ಹೇಳುತ್ತೇನೆ. ಇದು ನನಗೆ ಒಳ್ಳೆಯ ಖರ್ಚಾಯಿತೆಂದು ತಮಗೂ ಆಗುತ್ತದೆ ಎಂದಲ್ಲ. ಕಲಿಯುವವರು ಮಾಡಿಸಲೇಬಾರದು. ಐದು ವರ್ಷ ಬಾರಿಸಿ, ತನಗೆ ಬೇಕಾದ್ದೇನೆಂದು ಬಾಯಿಬಿಟ್ಟು ಹೇಳಬಲ್ಲವರು ಯೋಚಿಸಲಿ.

ವಾದ್ಯ ಬಂದ ಎರಡನೆಯ ತಿಂಗಳಿಗೆ ಅಣ್ಣ ಬಂದ. ಮಗಳ ಮದುವೆಯ ಕರೆಯೋಲೆ ಹಿಡಿದು ಬಂದದ್ದು. ಕೈಕಾಲು ತೊಳೆದು ಕೋಣೆಯಲ್ಲಿ ಒಂದು ಸುತ್ತು ನೋಡಿ, "ಮಂಚ ಎಲ್ಲೋ?" ಎಂದ. ನನಗೆ ಮಾತು ಹೊರಡಲಿಲ್ಲ. ಗೋಡೆಯ ಮೇಲಿನ ಗಿಟಾರು ಇಳಿಸಿ ಬೆನ್ನು ಮೇಲೆ ಮಾಡಿ ಅವನ ತೊಡೆಯ ಮೇಲಿಟ್ಟೆ. ಅವನಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಮೂರು ತುಂಡಿನಲ್ಲಿ ನಡುವಿನದರಲ್ಲಿ ಒಂದು ಮೊಳೆಯ ತೂತಿದೆ. ಮೇಸ್ತ್ರಿಗಳು ಬೀಟೆಯದೇ ಚಕ್ಕೆ ತುಂಬಿಸಿ ಉಜ್ಜಿದ್ದಾರೆ, ಆದರೂ ಕಾಣುತ್ತದೆ. ಅಮ್ಮ ಜಪಮಣಿ ತೂಗುಹಾಕುತ್ತಿದ್ದ ಮೊಳೆ ಅದು. ಅಣ್ಣ ಅದರ ಮೇಲೆ ಹೆಬ್ಬೆರಳು ಇಟ್ಟು, "ಕೇಳ್ಬೋದಿತ್ತು ನೀನು" ಎಂದ. ಇನ್ನೇನೂ ಅನ್ನಲಿಲ್ಲ. ಬಾರಿಸು ಎಂದೂ ಅನ್ನಲಿಲ್ಲ. ಊಟ ಮಾಡಿ ಗೋಡೆಯ ಕಡೆ ತಿರುಗಿ ಮಲಗಿದ.

ಬೆಳಿಗ್ಗೆ ಹೊರಡುವಾಗ, "ಕಾಲು ಏನ್ ಮಾಡ್ದೆ?" ಎಂದು ಕೇಳಿದ. ಮಂಚದ ನಾಲ್ಕು ಕಡೆದ ಕಾಲುಗಳೂ ಉಳಿದಿದ್ದವು, ಗಿಟಾರಿಗೆ ಅವು ಯಾವ ಉಪಯೋಗಕ್ಕೂ ಬಾರವು. ಲಾಫ್ಟಿನ ಮೇಲಿಂದ ಇಳಿಸಿ ತೋರಿಸಿದೆ. ಎರಡನ್ನು ಆರಿಸಿಕೊಂಡು ಹಳೆಯ ಪತ್ರಿಕೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡ. ಏನು ಮಾಡಿಸಿದನೋ ನಾನು ಕೇಳಿಲ್ಲ. ಬರುವ ವೈಶಾಖದಲ್ಲಿ ಮದುವೆ. ಗಿಟಾರು ತರಬೇಕೋ ಬೇಡವೋ ಎಂದೂ ಇನ್ನೂ ಕೇಳಿಲ್ಲ.

ವಾದ್ಯವನ್ನು ಇಂದು ತಂದಿದ್ದೇನೆ, ಅಗೋ ಆ ಮೇಜಿನ ಮೇಲಿದೆ. ಸೀಳಿದ ಹೋಳನ್ನೂ ಅದರ ಪಕ್ಕದಲ್ಲೇ ಇಟ್ಟಿದ್ದೇನೆ, ಹಲಗೆ ಎಷ್ಟು ತೆಳುವಿರುತ್ತದೆ ಎಂದು ಕೈಯಲ್ಲಿ ಹಿಡಿದು ನೋಡಬಹುದು. ಚಹಾ ಆದ ಮೇಲೆ ಬನ್ನಿ, ಕೈ ಒರೆಸಿಕೊಂಡು ಬನ್ನಿ. ತಬಲಿಯನ್ನು ಉಗುರಿನಿಂದ ಮುಟ್ಟಬೇಡಿ; ಬೆನ್ನನ್ನು ಬೇಕಾದಷ್ಟು ಮುಟ್ಟಿ.